ರಾಜನ ಆಜ್ಞೆ ಎಲ್ಲಿಯವರೆಗೆ ನಡೆಯುತ್ತದೆ? ಎರಡನೇ ಜೋಸೆಫನ ಸುಧಾರಣೆಗಳ ಲೆಕ್ಕಾಚಾರ

1770ರಲ್ಲಿ, ಆಸ್ಟ್ರಿಯ, ಬೊಹೀಮಿಯ (ಇಂದಿನ ಚೆಕ್ ದೇಶದ ಭಾಗ), ಹಂಗೆರಿಗಳನ್ನು ಆಳುತ್ತಿದ್ದ ವಿಯೆನ್ನಾದ ಹ್ಯಾಬ್ಸ್‌ಬರ್ಗ್ ಸರ್ಕಾರಕ್ಕೆ ಒಂದು ಲೆಕ್ಕ ಬೇಕಾಗಿತ್ತು. ಸೈನ್ಯಕ್ಕೆ ಸೇರಿಸಬಹುದಾದ ಗಂಡಸರು ಎಷ್ಟಿದ್ದಾರೆ, ಎಲ್ಲೆಲ್ಲಿದ್ದಾರೆ? ಉತ್ತರ ಸರ್ಕಾರದ ಯಾವ ಕಡತದಲ್ಲೂ ಇರಲಿಲ್ಲ. ಜನನ ಮರಣದ ಪುಸ್ತಕ ಪಾದ್ರಿಗಳ ಬಳಿ ಇತ್ತು, ಒಕ್ಕಲುಗಳ ಪಟ್ಟಿ ಜಮೀನ್ದಾರರ ಬಳಿ ಇತ್ತು. ಅವರಿಬ್ಬರು ಎಷ್ಟು ಹೇಳಿದರೋ ಅಷ್ಟೇ ರಾಣಿ ಮರಿಯಾ ತೆರೇಸಾಳಿಗೆ ಗೊತ್ತು. ಕೊನೆಗೆ ಸೇನಾಧಿಕಾರಿಗಳ ಜೊತೆ ಗುಮಾಸ್ತರನ್ನು ಮಾಡಿ ಆಸ್ಟ್ರಿಯ ಮತ್ತು ಬೊಹೀಮಿಯ ಭಾಗದ ಊರೂರಿಗೆ ಅಟ್ಟಬೇಕಾಯಿತು. ಅವರು ಮನೆಮನೆಗೂ ನಂಬರು ಬರೆದು, ಒಳಗಿದ್ದವರ ವಿವರ ಬರೆದುಕೊಂಡು ಬಂದರು. ಆ ನಂಬರು ಹುಟ್ಟಿದ್ದು ಅಂಚೆಯವನಿಗಾಗಿ ಅಲ್ಲ, ಸೈನ್ಯಕ್ಕಾಗಿ.

ಬಂದವರು ಲೆಕ್ಕವನ್ನಷ್ಟೇ ತರಲಿಲ್ಲ. ಬೊಹೀಮಿಯದ ರೈತರು ಹೊಟ್ಟೆಗಿಲ್ಲದೆ ಸೊರಗಿದ್ದಾರೆ, ಜಮೀನ್ದಾರರ ಬಿಟ್ಟಿ ಚಾಕರಿಯಲ್ಲೇ ಅವರ ವಾರ ಮುಗಿದುಹೋಗುತ್ತದೆ ಎಂಬ ಟಿಪ್ಪಣಿಗಳೂ ವಿಯೆನ್ನಾಕ್ಕೆ ಬಂದವು. ಮರುವರ್ಷವೇ ಬೊಹೀಮಿಯಕ್ಕೆ ಭೀಕರ ಕ್ಷಾಮ ಬಡಿಯಿತು.

ನಿರಂಕುಶ ರಾಜಪ್ರಭುತ್ವ ಎಂದೊಡನೆ ರಾಜನ ಬಾಯಿಂದ ಬಂದದ್ದೇ ಕಾನೂನು ಎಂದು ನಾವು ಓದಿಕೊಂಡಿದ್ದೇವೆ. ಕಾನೂನು ಹೊರಡಿಸುವ ಮಟ್ಟಿಗೆ ಅದು ನಿಜವೇ. ಹೊರಟ ಕಾನೂನು ಹಳ್ಳಿಯ ಹೊಲದವರೆಗೆ ಯಾರ ಕೈಯಲ್ಲಿ ಹೋಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಜ್ಞಾನೋದಯ ಯುಗದ ಸುಧಾರಕ ದೊರೆಗಳಲ್ಲಿ ಎಲ್ಲರಿಗಿಂತ ದೂರ ಹೋದವನು ಎರಡನೇ ಜೋಸೆಫ್. 1780ರ ನವೆಂಬರ್ 29ರಂದು ತಾಯಿ ಮರಿಯಾ ತೆರೇಸಾ ತೀರಿಕೊಂಡ ಮೇಲೆ ಅವನು ಒಬ್ಬನೇ ಆಳಿದ್ದು ಒಂಬತ್ತು ವರ್ಷ ಚಿಲ್ಲರೆ. ಅಷ್ಟರಲ್ಲಿ ಹೊರಡಿಸಿದ ಆಜ್ಞೆಗಳು ಸಾವಿರಗಳ ಲೆಕ್ಕದಲ್ಲಿವೆ. ಯಾವುವು ನಿಂತವು, ಯಾವುವು ಬಿದ್ದವು ಎಂದು ನೋಡಿದರೆ ಅದಕ್ಕೊಂದು ಕ್ರಮ ಕಾಣುತ್ತದೆ. ಆ ಕ್ರಮಕ್ಕೂ ಸುಧಾರಣೆಯ ಒಳ್ಳೆಯತನಕ್ಕೂ ಹೆಚ್ಚಿನ ಸಂಬಂಧವಿಲ್ಲ. ನಡುವೆ ಯಾರಿದ್ದರು ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

ಆಜ್ಞೆ ಇಳಿಯುವ ಮೆಟ್ಟಿಲುಗಳು

ಬೊಹೀಮಿಯವನ್ನೇ ತೆಗೆದುಕೊಳ್ಳೋಣ. ಆಜ್ಞೆ ವಿಯೆನ್ನಾದ ಆಸ್ಥಾನ ಕಾರ್ಯಾಲಯದಲ್ಲಿ ತಯಾರಾಗುತ್ತದೆ. ಅಲ್ಲಿಂದ ಪ್ರಾಗ್‌ನ ಪ್ರಾಂತ್ಯ ಸರ್ಕಾರಕ್ಕೆ, ಅಲ್ಲಿಂದ 16 ಜಿಲ್ಲಾ ಕಚೇರಿಗಳಿಗೆ. ಜಿಲ್ಲಾಧಿಕಾರಿ ಸರ್ಕಾರದ ಸಂಬಳದ ಮನುಷ್ಯ; ಅವನ ಕೈಕೆಳಗೆ ಬೆರಳೆಣಿಕೆಯ ಸಹಾಯಕರು, ಗುಮಾಸ್ತರು. ಅವನಿಂದ ಕೆಳಗೆ ಸರ್ಕಾರವೇ ಇಲ್ಲ. ಅಲ್ಲಿಂದಾಚೆಗೆ ಇರುವುದು ಜಮೀನ್ದಾರನ ಕಚೇರಿ ಮತ್ತು ಅವನ ಪಾರುಪತ್ಯಗಾರ.

ಈ ಪಾರುಪತ್ಯಗಾರನ ಕೈಯಲ್ಲಿದ್ದ ಕೆಲಸಗಳನ್ನು ನೋಡಿ. ಹಳ್ಳಿಯವರ ಸಣ್ಣಪುಟ್ಟ ವ್ಯಾಜ್ಯಗಳ ತೀರ್ಮಾನ, ರಾಜನ ತೆರಿಗೆಯ ವಸೂಲಿ, ಸೈನ್ಯಕ್ಕೆ ಯಾರನ್ನು ಕಳಿಸಬೇಕು ಎಂಬ ಆಯ್ಕೆ, ಒಕ್ಕಲಿನ ಮಗಳ ಮದುವೆಗೆ ಒಪ್ಪಿಗೆ, ಮಗ ಊರು ಬಿಟ್ಟು ಹೋಗಲು ಪರವಾನಗಿ. ಇಷ್ಟರ ಜೊತೆಗೆ ಜಮೀನ್ದಾರನ ಸ್ವಂತ ಹೊಲಕ್ಕೆ ಬಿಟ್ಟಿ ಆಳುಗಳನ್ನು ಹೊರಡಿಸುವವನೂ ಅವನೇ. ಅಂದರೆ ಜಮೀನ್ದಾರನ ಅಧಿಕಾರ ಕಡಿಮೆ ಮಾಡುವ ಆಜ್ಞೆಯನ್ನು ಹಳ್ಳಿಯಲ್ಲಿ ಓದಿ ಹೇಳಬೇಕಾದವನು ಜಮೀನ್ದಾರನ ಸಂಬಳ ತಿನ್ನುವ ಮನುಷ್ಯ. ಅವನು ಆಜ್ಞೆಯನ್ನು ತಡವಾಗಿ ಓದಬಹುದು, ಅರ್ಧ ಓದಬಹುದು, ಓದದೆಯೂ ಇರಬಹುದು.

ಮರಿಯಾ ತೆರೇಸಾಳಿಗೆ ಈ ತೊಡಕು ಪಟ್ಟಕ್ಕೆ ಬಂದ ವರ್ಷವೇ ಗೊತ್ತಾಯಿತು. 1740ರಲ್ಲಿ, 23ನೇ ವಯಸ್ಸಿನಲ್ಲಿ ಆಕೆ ಆಳ್ವಿಕೆಗೆ ಬಂದಳು. ಡಿಸೆಂಬರ್ ಹೊತ್ತಿಗೆ ಪ್ರಷ್ಯದ ಎರಡನೇ ಫ್ರೆಡರಿಕ್ ಸಿಲೀಸಿಯಕ್ಕೆ ನುಗ್ಗಿದ್ದ. ಸಾಮ್ರಾಜ್ಯದ ಸಿರಿವಂತ ಪ್ರಾಂತ್ಯಗಳಲ್ಲಿ ಒಂದರ ಬಹುಭಾಗ ಕೈಬಿಟ್ಟಿತು. ಸೈನ್ಯಕ್ಕೆ ದುಡ್ಡು ಬೇಕೆಂದರೆ ಪ್ರತಿವರ್ಷ ಪ್ರಾಂತ್ಯ ಪ್ರಾಂತ್ಯದ ಸಭೆಗಳ ಮುಂದೆ ಚೌಕಾಸಿಗೆ ಕೂರಬೇಕಿತ್ತು. ಆ ಸಭೆಗಳಲ್ಲಿ ಕೂತಿದ್ದವರು ಶ್ರೀಮಂತ ಮನೆತನದವರು ಮತ್ತು ಚರ್ಚಿನ ಹಿರಿಯರು, ಅಂದರೆ ಅದೇ ಜಮೀನ್ದಾರರು.

ಆಕೆಯ ಮಂತ್ರಿ ಹೌಗ್‌ವಿಟ್ಸ್ 1748ರಲ್ಲಿ ಕಂಡುಕೊಂಡ ದಾರಿ ಬಹಳ ಲೆಕ್ಕಾಚಾರದ್ದು. 1,08,000 ಜನರ ಕಾಯಂ ಸೈನ್ಯ, ಅದಕ್ಕೆ ವರ್ಷಕ್ಕೆ 1 ಕೋಟಿ 40 ಲಕ್ಷ ಫ್ಲೋರಿನ್ (ಆ ಕಾಲದ ಅಲ್ಲಿನ ನಾಣ್ಯ). ಸಭೆಗಳು ಇದನ್ನು ಹತ್ತು ವರ್ಷಕ್ಕೆ ಒಂದೇ ಸಲ ಒಪ್ಪಬೇಕು. ಅದಕ್ಕೆ ಪ್ರತಿಯಾಗಿ ದಂಡಿಗೆ ಮೇವು, ಕಾಳು, ಬಿಡಾರ ಒದಗಿಸುವ ಗೋಜು ಅವರಿಗಿಲ್ಲ. ಜಮೀನ್ದಾರರ ಸ್ವಂತ ಜಮೀನಿಗೂ ತೆರಿಗೆ ಬಿತ್ತು, ಆದರೆ ರೈತನ ಜಮೀನಿಗಿಂತ ಕಡಿಮೆ ದರದಲ್ಲಿ. ಆ ರಿಯಾಯಿತಿಯೇ ಒಪ್ಪಂದದ ಕೀಲಿ. ಮಗ ಮುಂದೆ ಮುರಿದದ್ದು ಅದನ್ನೇ.

ಇದರಲ್ಲಿ ಜ್ಞಾನೋದಯ ಎಲ್ಲಿದೆ ಎಂದು ಕೇಳಬಹುದು. ಪ್ಯಾರಿಸ್ಸಿನ ತತ್ವಜ್ಞಾನಿಗಳು ಮಾತಾಡುತ್ತಿದ್ದದ್ದು ಬುದ್ಧಿ, ಸ್ವಾತಂತ್ರ್ಯ, ಸಹನೆಯ ಬಗ್ಗೆ. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ 1763ರಿಂದ ಪಾಠ ಹೇಳುತ್ತಿದ್ದ ಸೋನ್ನೆನ್‌ಫೆಲ್ಸ್‌ನ ವಾದ ಹೆಚ್ಚು ಒಣದು: ರಾಜ್ಯದ ಬಲ ಅದರ ಜನಸಂಖ್ಯೆಯಲ್ಲಿದೆ. ಹೊಟ್ಟೆ ತುಂಬಿದ ರೈತ ತೆರಿಗೆ ಕೊಡುತ್ತಾನೆ, ಅವನ ಮಗ ಸೈನಿಕನಾಗುತ್ತಾನೆ. ಬಿಟ್ಟಿಯಲ್ಲಿ ಸವೆದವನಿಂದ ಎರಡೂ ಇಲ್ಲ. ಸರ್ಕಾರಿ ನೌಕರಿಗೆ ಬರುವ ಹುಡುಗರು ಕೇಳುತ್ತಿದ್ದದ್ದು ಈ ಪಾಠವನ್ನು. ಇವರ ಸುಧಾರಣೆಗಳಿಗೆ ಮಾನವೀಯತೆ ಇರಲಿಲ್ಲವೆಂದಲ್ಲ. 1776ರಲ್ಲಿ ಚಿತ್ರಹಿಂಸೆಯ ವಿಚಾರಣೆ ರದ್ದಾದದ್ದರಲ್ಲಿ ಸೋನ್ನೆನ್‌ಫೆಲ್ಸ್‌ನ ಪಾಲು ದೊಡ್ಡದು. ಆದರೆ ಖಜಾನೆ ಮತ್ತು ದಂಡು ಬಿಟ್ಟು ಈ ಕಥೆಯನ್ನು ಹೇಳಿದರೆ ಅರ್ಧ ಸುಳ್ಳಾಗುತ್ತದೆ.

ತಾಯಿಯ ಕಾಲದ ಎರಡು ಕೆಲಸಗಳು ಮುಂದಿನ ಕಥೆಗೆ ಬೇಕು. ಮೊದಲನೆಯದು 1774ರ ಶಾಲಾ ನಿಯಮ: ಆರರಿಂದ ಹನ್ನೆರಡು ವಯಸ್ಸಿನ ಹುಡುಗ ಹುಡುಗಿಯರೆಲ್ಲ ಶಾಲೆಗೆ. ಹಿಂದಿನ ವರ್ಷ ಪೋಪ್ ಕ್ಯಾಥೊಲಿಕ್ ಪಾದ್ರಿಗಳ ಜೆಸ್ಯೂಟ್ ಸಂಘವನ್ನು ವಿಸರ್ಜಿಸಿದ್ದರಿಂದ ಅದರ ಆಸ್ತಿ ಸರ್ಕಾರದ ಕೈಗೆ ಬಂದಿತ್ತು. ಶಾಲೆಯ ಖರ್ಚಿಗೆ ಅದು ಒದಗಿತು. ಎರಡನೆಯದು, 1775ರ ರೈತ ದಂಗೆಯ ಬೆನ್ನಿಗೇ ಬಂದ ಬೊಹೀಮಿಯದ ಬಿಟ್ಟಿ ನಿಯಮ. ರೈತರನ್ನು 11 ವರ್ಗ ಮಾಡಿ, ಜಮೀನೇ ಇಲ್ಲದವನಿಗೆ ವರ್ಷಕ್ಕೆ 13 ದಿನ, ದೊಡ್ಡ ಹಿಡುವಳಿಯವನಿಗೆ ಹೆಚ್ಚೆಂದರೆ ವಾರಕ್ಕೆ ಮೂರು ದಿನ ಎಂದು ಕಟ್ಟು ಹಾಕಿದರು. ವಾರಕ್ಕೆ ಮೂರು ದಿನ ಎಂಬುದೇ ಸುಧಾರಣೆ ಅನ್ನಿಸಿತು ಎಂದರೆ ಅದರ ಹಿಂದಿನ ಸ್ಥಿತಿ ಊಹಿಸಿಕೊಳ್ಳಬಹುದು.

ಇದೇ ಹೊತ್ತಿನಲ್ಲಿ ರಾಬ್ ಎಂಬ ಅಧಿಕಾರಿ ಇನ್ನೊಂದು ಪ್ರಯೋಗ ಮಾಡಿದ. ರಾಣಿಗೇ ಸೇರಿದ ಜಮೀನು ಮತ್ತು ಜೆಸ್ಯೂಟರಿಂದ ಬಂದ ಜಮೀನಿನಲ್ಲಿ ದೊಡ್ಡ ಹೊಲಗಳನ್ನು ತುಂಡು ಮಾಡಿ ರೈತರಿಗೆ ಹಂಚಿದ. ಬಿಟ್ಟಿಯ ಬದಲು ನಗದು ಗೇಣಿ ಗೊತ್ತು ಮಾಡಿದ. ಅದು ನಡೆಯಿತು. ಖಾಸಗಿ ಜಮೀನ್ದಾರರೂ ಹೀಗೆ ಮಾಡಲಿ ಎಂದು ಉತ್ತೇಜನ ಕೊಟ್ಟರೆ ಮುಂದೆ ಬಂದವರು ಕೆಲವೇ ಮಂದಿ. ಮೊದಲನೆಯ ಕಡೆ ಜಮೀನ್ದಾರಳು ರಾಣಿಯೇ ಆಗಿದ್ದಳು, ನಡುವೆ ಒಪ್ಪಬೇಕಾದವರು ಯಾರೂ ಇರಲಿಲ್ಲ.

1781: ಒಂದೇ ವರ್ಷದ ಕೊಯ್ಲು

ಜೋಸೆಫ್ 1765ರಿಂದ ತಾಯಿಯ ಜೊತೆ ಸಹ ಆಳ್ವಿಕೆಯಲ್ಲಿದ್ದವನು. ಹದಿನೈದು ವರ್ಷ ಕಾದ ಅಸಹನೆ 1781ರಲ್ಲಿ ಒಮ್ಮೆಲೇ ಹೊರಬಿತ್ತು. ಆ ವರ್ಷ ಪುಸ್ತಕ ಪತ್ರಿಕೆಗಳ ಮೇಲಿನ ಸೆನ್ಸಾರ್ ಸಡಿಲವಾಯಿತು, ವಿಯೆನ್ನಾದಲ್ಲಿ ಕರಪತ್ರಗಳ ಮಹಾಪೂರವೇ ಬಂತು. ಅಕ್ಟೋಬರಿನಲ್ಲಿ ಧಾರ್ಮಿಕ ಸಹನೆಯ ಶಾಸನ, ನವೆಂಬರ್ 1ರಂದು ಬೊಹೀಮಿಯ, ಮೊರಾವಿಯ ಮತ್ತು ಕೈಯಲ್ಲಿ ಉಳಿದಿದ್ದ ಸಿಲೀಸಿಯದ ತುಂಡಿನ ಜೀತ ರದ್ದತಿ ಶಾಸನ.

ಸಹನೆಯ ಶಾಸನವನ್ನು ಬಿಡಿಸಿ ನೋಡಿದರೆ ಈ ದೊರೆಯ ಮನಸ್ಸು ಗೊತ್ತಾಗುತ್ತದೆ. ಲೂಥರನ್, ಕ್ಯಾಲ್ವಿನಿಸ್ಟ್, ಗ್ರೀಕ್ ಆರ್ಥೊಡಾಕ್ಸ್ ಪಂಥದವರು 100 ಕುಟುಂಬ ಇರುವೆಡೆ ಪ್ರಾರ್ಥನಾ ಮಂದಿರ ಕಟ್ಟಿಕೊಳ್ಳಬಹುದು. ಆದರೆ ಅದಕ್ಕೆ ಗೋಪುರ ಇರಕೂಡದು, ಗಂಟೆ ಇರಕೂಡದು, ಬೀದಿಯ ಕಡೆ ಬಾಗಿಲು ಇರಕೂಡದು. ಜಮೀನು ಕೊಳ್ಳಬಹುದು, ಕಸುಬುದಾರರ ಸಂಘ ಸೇರಬಹುದು, ಪದವಿ ಪಡೆಯಬಹುದು, ನೌಕರಿಗೂ ಸೇರಬಹುದು. ಮಿಶ್ರ ವಿವಾಹವಾದರೆ? ಅಪ್ಪ ಕ್ಯಾಥೊಲಿಕ್ ಆಗಿದ್ದರೆ ಮಕ್ಕಳೆಲ್ಲ ಕ್ಯಾಥೊಲಿಕ್. ಅಪ್ಪ ಪ್ರೊಟೆಸ್ಟಂಟ್, ಅಮ್ಮ ಕ್ಯಾಥೊಲಿಕ್ ಆಗಿದ್ದರೆ ಗಂಡುಮಕ್ಕಳು ಅಪ್ಪನ ಕಡೆ, ಹೆಣ್ಣುಮಕ್ಕಳು ಅಮ್ಮನ ಕಡೆ. 1782ರ ಜನವರಿಯಲ್ಲಿ ವಿಯೆನ್ನಾ ಸೀಮೆಯ ಯಹೂದ್ಯರಿಗೂ ಶಾಸನ ಬಂತು: ಶಾಲೆ, ಕಸುಬು, ಕಾರ್ಖಾನೆ ತೆರೆದವು, ಗುರುತಿನ ಉಡುಪು ಹೋಯಿತು. ಸಾರ್ವಜನಿಕ ಸಿನಗಾಗ್ (ಯಹೂದ್ಯರ ಪ್ರಾರ್ಥನಾ ಮಂದಿರ) ಮಾತ್ರ ಇಲ್ಲ, ವ್ಯಾಪಾರದ ಲೆಕ್ಕಪತ್ರ ಹೀಬ್ರೂ ಲಿಪಿಯಲ್ಲಿ ಇರಕೂಡದು. ಇಲ್ಲಿ ಸಮಾನತೆ ಇಲ್ಲ. ಪ್ರಜೆ ದುಡಿಯಲಿ, ಕಲಿಯಲಿ, ದೇಶ ಬಿಟ್ಟು ಹೋಗದಿರಲಿ ಎಂಬ ಉದ್ದೇಶ ಇದೆ. ಬೊಹೀಮಿಯದಲ್ಲಿ ಕೆಲವರು ಈ ಯಾವ ಪಟ್ಟಿಗೂ ಸೇರದೆ ತಾವು ಬರೀ ದೇವರನ್ನು ನಂಬುವವರು ಎಂದು ಬರೆಸಲು ಹೋದಾಗ, ಅಂಥವರಿಗೆ 24 ಏಟು ಹಾಕಿ ಮನೆಗೆ ಕಳಿಸಿ ಎಂದು ಇದೇ ಸಹಿಷ್ಣು ದೊರೆ ಆಜ್ಞೆ ಮಾಡಿದ. ನಮೂನೆಯಲ್ಲಿ ಕಾಲಂ ಇಲ್ಲದ ನಂಬಿಕೆ ಅವನಿಗೆ ಅರ್ಥವಾಗುತ್ತಿರಲಿಲ್ಲ.

ಜೀತ ರದ್ದತಿ ಶಾಸನ ಚಿಕ್ಕದು, ಆದರೆ ಅಚ್ಚುಕಟ್ಟು. ಒಕ್ಕಲು ಮದುವೆಯಾಗಲು ಅನುಮತಿ ಬೇಡ, ತಿಳಿಸಿದರೆ ಸಾಕು, ಅದಕ್ಕೆ ಶುಲ್ಕವಿಲ್ಲ. ಊರು ಬಿಡಬಹುದು. ಮಗನನ್ನು ಯಾವ ಕಸುಬಿಗಾದರೂ ಹಾಕಬಹುದು. ಜಮೀನ್ದಾರನ ಮನೆಚಾಕರಿಗೆ ಮಕ್ಕಳನ್ನು ಎಳೆಯುವಂತಿಲ್ಲ; ಅನಾಥ ಮಕ್ಕಳನ್ನು ಮಾತ್ರ, ಅದೂ ಹೆಚ್ಚೆಂದರೆ ಮೂರು ವರ್ಷ. ಬಿಟ್ಟಿ? ಅದನ್ನು ಶಾಸನ ಮುಟ್ಟಲಿಲ್ಲ. ಜಮೀನಿಗೆ ಅಂಟಿದ ಬಿಟ್ಟಿ ಹಾಗೆಯೇ ಉಳಿಯಿತು, ದೇಹಕ್ಕೆ ಅಂಟಿದ ಬಂಧನ ಮಾತ್ರ ಬಿಚ್ಚಿತು. ಈ ಶಾಸನ ಉಳಿದುಕೊಂಡದ್ದಕ್ಕೆ ಇದೇ ಕಾರಣ. ಹುಡುಗ ಒಂದು ಸಲ ಊರು ಬಿಟ್ಟು ಪ್ರಾಗ್‌ನ ನೇಕಾರನ ಬಳಿ ಸೇರಿದ ಮೇಲೆ ಪಾರುಪತ್ಯಗಾರ ಮಾಡುವುದೇನೂ ಇರಲಿಲ್ಲ. ಹಕ್ಕನ್ನು ಚಲಾಯಿಸಲು ರೈತನ ಕಾಲುಗಳೇ ಸಾಕಾಗಿದ್ದವು.

ಮಠಗಳ ಕಥೆಯೂ ಇಂಥದ್ದೇ. ಶಾಲೆ ನಡೆಸದ, ರೋಗಿಗಳನ್ನು ನೋಡದ, ಬರೀ ಧ್ಯಾನ ಪ್ರಾರ್ಥನೆಯಲ್ಲಿದ್ದ ಸಂಘಗಳು ರಾಜ್ಯಕ್ಕೆ ನಿಷ್ಪ್ರಯೋಜಕ ಎಂದು 1782ರ ಆರಂಭದಿಂದ ಮುಚ್ಚಿಸತೊಡಗಿದ. ಅವನ ಕಾಲ ಮುಗಿಯುವ ಹೊತ್ತಿಗೆ ಮುಚ್ಚಿದ ಮಠಗಳು ನೂರಾರು. ಅವುಗಳ ಆಸ್ತಿ ಮಾರಿ ಬಂದ ಹಣವನ್ನು ಖಜಾನೆಗೆ ಸುರಿಯದೆ ಪ್ರತ್ಯೇಕ ಧರ್ಮನಿಧಿಯಲ್ಲಿ ಇಟ್ಟ. ಅದರಿಂದ ಹೊಸ ಚರ್ಚುಗಳು, ಪಾದ್ರಿಗಳ ಸಂಬಳ. ನಿಯಮ ಇಷ್ಟು: ಯಾವ ಪ್ರಜೆಯೂ ಚರ್ಚಿಗೆ ಒಂದು ಗಂಟೆಗಿಂತ ಹೆಚ್ಚು ನಡೆಯಬೇಕಾಗಬಾರದು. ಪೋಪ್ ಆರನೇ ಪಯಸ್ ಸ್ವತಃ 1782ರ ಮಾರ್ಚಿನಲ್ಲಿ ವಿಯೆನ್ನಾಕ್ಕೆ ಬಂದು ಒಂದು ತಿಂಗಳು ಇದ್ದು ಹೋದರು. ಮರ್ಯಾದೆಗೆ ಕೊರತೆಯಾಗಲಿಲ್ಲ, ಮಠಗಳು ಮಾತ್ರ ತೆರೆಯಲಿಲ್ಲ. ಹೊಸ ಚರ್ಚಿನ ಪಾದ್ರಿ ಈಗ ಸರ್ಕಾರದ ಸಂಬಳದವನು. ಪ್ರವಚನದ ವೇದಿಕೆಯಿಂದ ರಾಜಾಜ್ಞೆ ಓದುವವನೂ ಅವನೇ. ಜಮೀನ್ದಾರನ ಕಚೇರಿಯ ಮೂಲಕ ಹೋಗದ ಒಂದು ದಾರಿ ಜೋಸೆಫನಿಗೆ ಹೀಗೆ ಸಿಕ್ಕಿತು.

ಎಡವಿದ್ದು ಎಲ್ಲಿ ಎಂದರೆ ಶವಸಂಸ್ಕಾರದಲ್ಲಿ. 1784ರ ಆಗಸ್ಟಿನ ಆಜ್ಞೆ ಹೀಗಿತ್ತು: ಸ್ಮಶಾನ ಊರ ಹೊರಗಿರಬೇಕು, ಹೆಣವನ್ನು ಬಟ್ಟೆಯಿಲ್ಲದೆ ನಾರುಬಟ್ಟೆಯ ಚೀಲದಲ್ಲಿ ಹೊಲಿದು ಹೂಳಬೇಕು, ಮೇಲೆ ಸುಣ್ಣ, ಶವಪೆಟ್ಟಿಗೆ ಸಾಗಿಸಲಷ್ಟೇ, ಮತ್ತೆ ಮತ್ತೆ ಬಳಸಲು. ತಳ ತೆರೆದುಕೊಳ್ಳುವ ಪೆಟ್ಟಿಗೆಯ ಮಾದರಿಯೂ ತಯಾರಾಯಿತು. ಮರ ಉಳಿಯುತ್ತದೆ, ಹೆಣ ಬೇಗ ಕರಗುತ್ತದೆ, ರೋಗ ಹರಡುವುದಿಲ್ಲ ಎಂಬ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಅಪ್ಪ ಅಮ್ಮನನ್ನು ಚೀಲದಲ್ಲಿ ಹಾಕಲು ಒಪ್ಪುವ ಜನರನ್ನು ಹುಡುಕುವುದು ಇನ್ನೂ ಕಷ್ಟ. ಕೆಲವೇ ತಿಂಗಳಲ್ಲಿ, 1785ರ ಆರಂಭಕ್ಕೆ, ಚೀಲದ ನಿಯಮ ಹಿಂದೆ ಹೋಯಿತು. ಊರ ಹೊರಗಿನ ಸ್ಮಶಾನ ಮತ್ತು ಆಡಂಬರವಿಲ್ಲದ ಸಂಸ್ಕಾರ ಉಳಿದವು. 1791ರಲ್ಲಿ ಮೊಜಾರ್ಟ್ ಸತ್ತಾಗ ಗುರುತಿಲ್ಲದ ಸಾಮಾನ್ಯ ಗುಂಡಿಯಲ್ಲಿ ಹೂಳಿದ್ದನ್ನು ಕಡುಬಡತನದ ಕಥೆ ಮಾಡಿ ಹೇಳುವುದುಂಟು. ಆ ಕಾಲದ ವಿಯೆನ್ನಾದಲ್ಲಿ ಮಧ್ಯಮ ವರ್ಗದ ಸಂಸ್ಕಾರ ಹಾಗೆಯೇ ಇತ್ತು.

ನೂರು ಫ್ಲೋರಿನ್‌ನಲ್ಲಿ ಎಪ್ಪತ್ತು

ಇನ್ನು ದೊಡ್ಡ ಕೆಲಸ: ಭೂಕಂದಾಯ. ಫ್ರಾನ್ಸಿನ ಅರ್ಥಚಿಂತಕರ ಒಂದು ಪಂಥ ಸಂಪತ್ತೆಲ್ಲ ಹುಟ್ಟುವುದು ಭೂಮಿಯಲ್ಲಿ, ತೆರಿಗೆಯೂ ಭೂಮಿಯ ಮೇಲೆ ಒಂದೇ ದರದಲ್ಲಿ ಇರಲಿ ಎನ್ನುತ್ತಿತ್ತು. ಜೋಸೆಫ್ ಅದನ್ನು ಅಕ್ಷರಶಃ ತೆಗೆದುಕೊಂಡ. ಶ್ರೀಮಂತ, ಮಠ, ರೈತ ಎಂಬ ಭೇದವಿಲ್ಲದೆ ಒಂದೇ ದರ ಹಾಕಬೇಕೆಂದರೆ ಮೊದಲು ಎಲ್ಲರ ಹೊಲ ಅಳೆಯಬೇಕು. 1785ರ ಏಪ್ರಿಲ್‌ನಲ್ಲಿ ಮೋಜಣಿ ಆಜ್ಞೆ ಹೊರಟಿತು.

ಎಂಜಿನಿಯರುಗಳು ಸಾಕಷ್ಟು ಇರಲಿಲ್ಲ. ಹಾಗಾಗಿ ಹಳ್ಳಿಯವರೇ ಅಳೆಯಬೇಕು ಎಂದಾಯಿತು. ಮೊದಲು ಊರಿನ ಎಲ್ಲೆ ಬರೆಯುವುದು: ಯಾವ ಮರದಿಂದ ಯಾವ ಕಲ್ಲಿಗೆ, ಅಲ್ಲಿಂದ ಯಾವ ಹಳ್ಳಕ್ಕೆ. ಊರನ್ನು ಜನ ಕರೆಯುವ ಹೆಸರಿನಲ್ಲೇ ಭಾಗ ಮಾಡುವುದು, ಪ್ರತಿ ತುಂಡಿಗೂ ಕ್ರಮವಾಗಿ ನಂಬರು. ಚೌಕಾಕಾರದ ತುಂಡುಗಳನ್ನು ತರಬೇತಾದ ರೈತರು ಸರಪಳಿ ಹಿಡಿದು ಅಳೆದರು. ಲೆಕ್ಕ ಕ್ಲಾಫ್ಟರ್‌ನಲ್ಲಿ, ಅಂದರೆ ಸುಮಾರು 1.9 ಮೀಟರ್. 1600 ಚದರ ಕ್ಲಾಫ್ಟರ್ ಒಂದು ಯೋಖ್, ನಮ್ಮ ಒಂದು ಎಕರೆ ಹದಿನೇಳು ಗುಂಟೆಯ ಹತ್ತಿರ. ವಕ್ರವಾದ ತುಂಡು, ಕಾಡು, ಬೆಟ್ಟ ಎಂಜಿನಿಯರಿನ ಪಾಲಿಗೆ. ಅಳತೆ ಮುಗಿದ ಮೇಲೆ ಇಳುವರಿ. ಗೋಧಿ, ರೈ, ಬಾರ್ಲಿ, ಓಟ್ಸ್ ಈ ನಾಲ್ಕು ಧಾನ್ಯಗಳಲ್ಲಿ ಹಲವು ವರ್ಷದ ಸರಾಸರಿಯನ್ನು ರೈತನೇ ಹೇಳಬೇಕು. ಹುಲ್ಲುಗಾವಲು, ದ್ರಾಕ್ಷಿತೋಟ, ಕಾಡಿಗೆ ಬೇರೆ ಲೆಕ್ಕ. ಸುಳ್ಳು ಹೇಳಿದರೆ? ಅಕ್ಕಪಕ್ಕದ ಊರುಗಳ ಲೆಕ್ಕದ ಜೊತೆ ತಾಳೆ ನೋಡುತ್ತಿದ್ದರು. ಒಂದೇ ಮಣ್ಣಿನ ಎರಡು ಊರಲ್ಲಿ ಒಂದರ ಇಳುವರಿ ತೀರಾ ಕಡಿಮೆ ಬಂದರೆ ಮತ್ತೆ ತನಿಖೆ.

ನಾಲ್ಕು ವರ್ಷದೊಳಗೆ ಇದು ಮುಗಿಯಿತು ಎಂಬುದೇ ಬೆರಗು. ಅವಸರದ ಗುರುತುಗಳೂ ಅದರಲ್ಲಿದ್ದವು: ನಕ್ಷೆ ಇಲ್ಲ, ಬರೀ ಪಟ್ಟಿ. ಪಟ್ಟಿಯಲ್ಲಿ ತುಂಡು ಬಿಟ್ಟುಹೋದರೆ ಕಣ್ಣಿಗೆ ಕಾಣುವುದಿಲ್ಲ.

1789ರ ಫೆಬ್ರವರಿ 10ರಂದು ದರ ಗೊತ್ತಾಯಿತು. ಒಟ್ಟು ಇಳುವರಿಯ ಬೆಲೆ 100 ಫ್ಲೋರಿನ್ ಎಂದಿಟ್ಟುಕೊಳ್ಳಿ. ಸರ್ಕಾರಕ್ಕೆ 12 ಫ್ಲೋರಿನ್ 13⅓ ಕ್ರೊಯ್ಟ್ಸರ್. ಜಮೀನ್ದಾರನಿಗೆ, ಬಿಟ್ಟಿಯ ಬದಲಿಗೂ ಸೇರಿಸಿ, 17 ಫ್ಲೋರಿನ್ 46⅔ ಕ್ರೊಯ್ಟ್ಸರ್. 60 ಕ್ರೊಯ್ಟ್ಸರ್‌ಗೆ ಒಂದು ಫ್ಲೋರಿನ್, ಹಾಗಾಗಿ ಎರಡೂ ಕೂಡಿದರೆ ಸರಿಯಾಗಿ 30. ಉಳಿದ 70 ರೈತನದು. ಜಮೀನ್ದಾರನ ಪಾಲು ಇನ್ನು ಮೈದುಡಿಮೆಯಲ್ಲಿ ಅಲ್ಲ, ನಗದಿನಲ್ಲಿ. ಜಾರಿ ನವೆಂಬರ್ 1ರಿಂದ. ಯುರೋಪಿನ ಯಾವ ದೊರೆಯೂ ಆವರೆಗೆ ಇಷ್ಟು ದೂರ ಬಂದಿರಲಿಲ್ಲ. ಇದು ಮುರಿದದ್ದು ಒಂದು ಕಡೆಯಲ್ಲಿ ಅಲ್ಲ, ಹಲವು ಕಡೆ.

ಲೆಕ್ಕವೇ ಮೊದಲು ತಪ್ಪಿತ್ತು. ದರ ಬಿದ್ದದ್ದು ಒಟ್ಟು ಇಳುವರಿಯ ಮೇಲೆ, ಖರ್ಚು ಕಳೆದು ಉಳಿದದ್ದರ ಮೇಲೆ ಅಲ್ಲ. ಬಯಲಿನ ಕಪ್ಪು ಮಣ್ಣಿನಲ್ಲಿ ಒಂದು ಪಾಲು ಬಿತ್ತಿ ಆರು ಪಾಲು ಬೆಳೆಯುವವನಿಗೂ, ಬೆಟ್ಟದ ಮಗ್ಗುಲಲ್ಲಿ ಒಂದು ಬಿತ್ತಿ ಮೂರು ಬೆಳೆಯುವವನಿಗೂ ನೂರಕ್ಕೆ ಮೂವತ್ತೇ. ಬೀಜ ತೆಗೆದಿಟ್ಟರೆ ಮೊದಲನೆಯವನಿಗೆ ಆರರಲ್ಲಿ ಐದು ಉಳಿದಿರುತ್ತದೆ, ಎರಡನೆಯವನಿಗೆ ಮೂರರಲ್ಲಿ ಎರಡು. ಕಾಗದದ ಮೇಲೆ ಒಂದೇ ದರ, ಹೊಲದಲ್ಲಿ ಬೇರೆ ಬೇರೆ ಭಾರ.

ನಗದು ಇನ್ನೊಂದು ತೊಡಕು. ಸಂತೆಗೆ ದೂರದ ಹಳ್ಳಿಯ ರೈತನ ಬಳಿ ಮೈಬಲ ಇತ್ತು, ಎತ್ತು ಇತ್ತು, ನಾಣ್ಯ ಇರಲಿಲ್ಲ. ಎಲ್ಲರೂ ಒಂದೇ ಕಾಲಕ್ಕೆ ಧಾನ್ಯ ಮಾರಲು ಹೊರಟರೆ ಬೆಲೆ ಇಳಿಯುತ್ತದೆ. ಅತ್ತ ಜಮೀನ್ದಾರನ ಹೊಲ ಉಳುತ್ತಿದ್ದದ್ದು ಬಿಟ್ಟಿ ಆಳುಗಳು ಮತ್ತು ರೈತರದೇ ಎತ್ತುಗಳು. ನವೆಂಬರ್ 1ರಿಂದ ಅವನು ಎತ್ತು ಕೊಳ್ಳಬೇಕು, ಕೂಲಿ ಕೊಡಬೇಕು. ಅದಕ್ಕೆ ಬಂಡವಾಳ ಎಲ್ಲಿಂದ? ಅನೇಕರಿಗೆ ಹೊಸ ಪಾಲು ಹಳೆಯ ಆದಾಯಕ್ಕಿಂತ ಬಹಳ ಕಡಿಮೆ, ನಷ್ಟಕ್ಕೆ ಪರಿಹಾರದ ಮಾತೇ ಶಾಸನದಲ್ಲಿ ಇರಲಿಲ್ಲ.

ಮೂರನೆಯದು ರೈತರ ನಿರೀಕ್ಷೆ. ವರ್ಷಕ್ಕೆ 2 ಫ್ಲೋರಿನ್‌ಗಿಂತ ಕಡಿಮೆ ತೆರಿಗೆ ಕಟ್ಟುವ ಸಣ್ಣವರಿಗೆ, ಜಮೀನ್ದಾರನ ಸ್ವಂತ ಜಮೀನಿನಲ್ಲಿ ಕೂತಿದ್ದ ಗೇಣಿದಾರರಿಗೆ ಈ ಶಾಸನ ಅನ್ವಯಿಸುತ್ತಿರಲಿಲ್ಲ. ಅಂದರೆ ಅತಿ ಬಡವರೇ ಹೊರಗೆ. ಇದು ಅವರಿಗೆ ಗೊತ್ತಾಗುವ ಹೊತ್ತಿಗೆ ಬಿಟ್ಟಿ ನಿಂತಿತು ಎಂಬ ಸುದ್ದಿ ಊರೆಲ್ಲ ಹರಡಿತ್ತು. ರಾಜ ನಮಗೆ ಪೂರ್ತಿ ಬಿಡುಗಡೆ ಕೊಟ್ಟಿದ್ದಾನೆ, ಪಾರುಪತ್ಯಗಾರ ಅದನ್ನು ಬಚ್ಚಿಟ್ಟಿದ್ದಾನೆ ಎಂಬ ಗುಮಾನಿ ಆ ಕಾಲದ ಹಲವು ರೈತ ದಂಗೆಗಳಲ್ಲಿ ಕಾಣುತ್ತದೆ. ಟ್ರಾನ್ಸಿಲ್ವೇನಿಯದಲ್ಲಿ 1784ರ ಕೊನೆಯಲ್ಲಿ ಹೊರೆಯಾನ ನಾಯಕತ್ವದಲ್ಲಿ ಎದ್ದ ದಂಗೆ ನಡೆದದ್ದೂ ರಾಜನ ಹೆಸರಿನಲ್ಲೇ. ಆ ರಾಜನ ಸರ್ಕಾರವೇ 1785ರ ಫೆಬ್ರವರಿಯಲ್ಲಿ ಹೊರೆಯಾನನ್ನು ಚಕ್ರಕ್ಕೆ ಕಟ್ಟಿ ಕೊಂದಿತು. ಅದೇ ವರ್ಷ ಹಂಗೆರಿಯಲ್ಲೂ ಜೀತ ರದ್ದು ಮಾಡಿತು.

ಕೊನೆಯದಾಗಿ ಕಾಲ. 1788ರಲ್ಲಿ ಜೋಸೆಫ್ ರಷ್ಯದ ಪರವಾಗಿ ತುರ್ಕರ ಮೇಲೆ ಯುದ್ಧಕ್ಕೆ ಹೋಗಿದ್ದ. ದಂಡು ಜ್ವರದಲ್ಲಿ ಸಾಯುತ್ತಿತ್ತು, ರೊಟ್ಟಿಯ ಬೆಲೆ ಏರಿ ವಿಯೆನ್ನಾದಲ್ಲೇ ಗಲಭೆಯಾಯಿತು. ಕಂದಾಯ ಶಾಸನದ ಕೆಲಸ ನೋಡಿಕೊಂಡಿದ್ದ ಜಿನ್ಸೆನ್‌ಡಾರ್ಫ್ ಅದನ್ನು ವಿರೋಧಿಸಿ ಹೊರಬಂದ. ಆಸ್ಥಾನ ಕಾರ್ಯಾಲಯದ ಹಿರಿಯ ಅಧಿಕಾರಿ ಖೋಟೆಕ್ ರುಜು ಹಾಕಲೊಪ್ಪದೆ ರಾಜೀನಾಮೆ ಕೊಟ್ಟ. ಇಬ್ಬರೂ ಜಮೀನ್ದಾರರು ಎಂದು ತಳ್ಳಿಹಾಕುವುದು ಸುಲಭ. ಜಿನ್ಸೆನ್‌ಡಾರ್ಫ್ ಮಟ್ಟಿಗೆ ಅದು ಅನ್ಯಾಯ. ಅವನು ಎತ್ತಿದ ಲೆಕ್ಕದ ಆಕ್ಷೇಪಗಳು ಸರಿಯಾಗಿದ್ದವು.

ಕಿರೀಟವಿಲ್ಲದ ದೊರೆ

ಅವನ ಆಳ್ವಿಕೆಗೇ ಸೇರಿದ್ದ ಹಂಗೆರಿ ಮತ್ತು ಬೆಲ್ಜಿಯಂನಲ್ಲಿ ಆದದ್ದನ್ನು ಬೇಗ ಹೇಳಿಬಿಡಬಹುದು. ಹಂಗೆರಿಯಲ್ಲಿ ಪಟ್ಟಾಭಿಷೇಕವಾದರೆ ಅಲ್ಲಿನ ಹಕ್ಕುಗಳನ್ನು ಕಾಪಾಡುತ್ತೇನೆ ಎಂದು ಪ್ರಮಾಣ ಮಾಡಬೇಕು. ಜೋಸೆಫ್ ಪಟ್ಟಾಭಿಷೇಕವನ್ನೇ ಮಾಡಿಸಿಕೊಳ್ಳಲಿಲ್ಲ. ಟೋಪಿ ರಾಜ ಎಂದು ಜನ ಆಡಿಕೊಂಡರು. 1784ರಲ್ಲಿ ಸಂತ ಸ್ಟೀಫನ್‌ನ ಪವಿತ್ರ ಕಿರೀಟವನ್ನು ವಿಯೆನ್ನಾಕ್ಕೆ ತರಿಸಿದ. ಅದೇ ವರ್ಷ ಆಡಳಿತ ಭಾಷೆ ಲ್ಯಾಟಿನ್ ಬದಲು ಜರ್ಮನ್ ಎಂದ, ಕಲಿಯಲು ಕೊಟ್ಟ ಅವಧಿ ಮೂರು ವರ್ಷ. ಅವನ ಲೆಕ್ಕದಲ್ಲಿ ಲ್ಯಾಟಿನ್ ಯಾರ ತಾಯಿನುಡಿಯೂ ಅಲ್ಲ, ಹಾಗಾಗಿ ಯಾರಿಗೂ ನೋವಾಗಬೇಕಿಲ್ಲ. ಆದರೆ ಅದು ಯಾರ ತಾಯಿನುಡಿಯೂ ಅಲ್ಲದ್ದರಿಂದಲೇ ಹಲವು ನುಡಿಗಳ ಆ ನಾಡಿನಲ್ಲಿ ಎಲ್ಲರೂ ಅದನ್ನು ಸಹಿಸಿಕೊಂಡಿದ್ದರು. 1785ರಲ್ಲಿ ಶ್ರೀಮಂತರ ಕೌಂಟಿ ಆಡಳಿತಗಳ ಮೇಲೆ ಹತ್ತು ಜಿಲ್ಲೆಗಳನ್ನು ಹೇರಿದ. ಹಂಗೆರಿಯಲ್ಲಿ ಆಡಳಿತ ನಡೆಸುತ್ತಿದ್ದವರು ಆ ಕೌಂಟಿಗಳ ಶ್ರೀಮಂತರೇ. ಬೇರೆ ಅಧಿಕಾರಿಗಳು ಇರಲೇ ಇಲ್ಲ. ಬೆಲ್ಜಿಯಂನಲ್ಲಿ ಬ್ರಬಾಂಟ್ ಪ್ರಾಂತ್ಯದ ಪುರಾತನ ಹಕ್ಕುಪತ್ರವನ್ನು 1789ರ ಜೂನ್‌ನಲ್ಲಿ ರದ್ದು ಮಾಡಿದ, ಅಕ್ಟೋಬರ್‌ಗೆ ಬಂಡಾಯ, ಡಿಸೆಂಬರ್‌ಗೆ ಅವನ ಸೈನ್ಯ ಹೊರಗೆ.

  

1790ರ ಜನವರಿ ಕೊನೆಯಲ್ಲಿ, ಕ್ಷಯದಿಂದ ಹಾಸಿಗೆ ಹಿಡಿದಿದ್ದ ಜೋಸೆಫ್ ಹಂಗೆರಿಯ ಸುಧಾರಣೆಗಳನ್ನೆಲ್ಲ ಹಿಂತೆಗೆದ. ಮೂರನ್ನು ಬಿಟ್ಟು: ಸಹನೆಯ ಶಾಸನ, ಜೀತ ರದ್ದತಿ, ಹೊಸ ಚರ್ಚುಗಳ ವ್ಯವಸ್ಥೆ. ಫೆಬ್ರವರಿ 20ರಂದು ತೀರಿಕೊಂಡ, 48 ವರ್ಷ. ಪಟ್ಟಕ್ಕೆ ಬಂದ ತಮ್ಮ ಲಿಯೋಪೋಲ್ಡ್ ಅದೇ ವರ್ಷ ಕಂದಾಯ ಶಾಸನವನ್ನು ರದ್ದು ಮಾಡಿ ಬಿಟ್ಟಿಯನ್ನು ಮರಳಿ ತಂದ. ಅಣ್ಣನ 1787ರ ದಂಡಸಂಹಿತೆ ಮಾಮೂಲು ವಿಚಾರಣೆಯಲ್ಲಿ ಮರಣದಂಡನೆಯನ್ನು ತೆಗೆದುಹಾಕಿತ್ತು, ಆದರೆ ಅದರ ಬದಲು ಕೈದಿಗಳನ್ನು ಡ್ಯಾನ್ಯೂಬ್‌ನಲ್ಲಿ ಹಡಗು ಎಳೆಯಲು ಹಚ್ಚುತ್ತಿದ್ದರು. ಕೆಸರು, ಜ್ವರ, ಸಂಕೋಲೆಯ ನಡುವೆ ಅವರು ಸಾಲುಸಾಲಾಗಿ ಸತ್ತರು. ಲಿಯೋಪೋಲ್ಡ್ ಅದನ್ನೂ ನಿಲ್ಲಿಸಿದ.

ಇದೇ ಕಾಲದ ಉಳಿದ ಸುಧಾರಕ ದೊರೆಗಳು ಹಾಸಿಗೆಯಲ್ಲಿ ಮಲಗಿ ಹೀಗೆ ಹಿಂತೆಗೆಯಬೇಕಾಗಲಿಲ್ಲ. ಫ್ರೆಡರಿಕ್ ಚಿತ್ರಹಿಂಸೆ ನಿಲ್ಲಿಸಿದ, ನ್ಯಾಯಾಲಯ ಸರಿಮಾಡಿದ. ಜಮೀನ್ದಾರರ ಮಕ್ಕಳೇ ಅವನ ಸೇನಾಧಿಕಾರಿಗಳಾಗಿದ್ದರಿಂದ ಅವರ ಒಕ್ಕಲುಗಳ ಗೋಜಿಗೆ ಹೆಚ್ಚು ಹೋಗಲಿಲ್ಲ. ರಷ್ಯದ ಕ್ಯಾಥರೀನ್ 1767ರಲ್ಲಿ ದೊಡ್ಡ ಕಾನೂನು ಸಭೆ ಕರೆದಳು, ಪುಗಚೋವ್‌ನ ರೈತ ದಂಗೆ ಕಂಡ ಮೇಲೆ 1785ರಲ್ಲಿ ಶ್ರೀಮಂತರಿಗೆ ಹಕ್ಕುಪತ್ರ ಬರೆದುಕೊಟ್ಟಳು. ಇಬ್ಬರಿಗೂ ಇತಿಹಾಸ ಮಹಾನ್ ಎಂಬ ಬಿರುದು ಕೊಟ್ಟಿದೆ. ಮಧ್ಯದ ಮೆಟ್ಟಿಲನ್ನು ಮುಟ್ಟದೆ ಇದ್ದದ್ದಕ್ಕೆ ಸಿಕ್ಕ ಬಿರುದು ಎಂದರೆ ಒರಟಾದೀತು, ಪೂರ್ತಿ ತಪ್ಪಾಗಲಾರದು.

ಉಳಿದದ್ದು, ಮತ್ತು 1848

ಸಹನೆಯ ಶಾಸನ ನಿಂತಿತು. ಊರು ಬಿಡುವ, ಮದುವೆಯಾಗುವ ಸ್ವಾತಂತ್ರ್ಯ ನಿಂತಿತು. ಹೊಸ ಚರ್ಚುಗಳು, ವಿಯೆನ್ನಾದಲ್ಲಿ 1784ರಲ್ಲಿ ತೆರೆದ ಸುಮಾರು 2000 ಹಾಸಿಗೆಯ ದೊಡ್ಡಾಸ್ಪತ್ರೆ, ಸರ್ಕಾರಿ ನೌಕರರ ಪಿಂಚಣಿ ನಿಯಮ ನಿಂತವು. ರದ್ದಾದ ಮೋಜಣಿಯ ಪಟ್ಟಿಗಳೂ ವ್ಯರ್ಥವಾಗಲಿಲ್ಲ. 1817ರಲ್ಲಿ ನಕ್ಷೆ ಸಮೇತ ಹೊಸ ಮೋಜಣಿ ಶುರುವಾದಾಗ ಜೋಸೆಫನ ಕಾಲದಲ್ಲಿ ಗೊತ್ತುಮಾಡಿದ ಊರುಗಳ ಎಲ್ಲೆಯೇ ಅದಕ್ಕೆ ತಳಹದಿಯಾಯಿತು.

ಬಿಟ್ಟಿ ಹೋಗಲು ಇನ್ನೊಂದು ಕ್ರಾಂತಿ ಬೇಕಾಯಿತು. 1848ರ ಜುಲೈನಲ್ಲಿ ವಿಯೆನ್ನಾದ ಶಾಸನಸಭೆಯಲ್ಲಿ ಸಿಲೀಸಿಯದ ರೈತನ ಮಗ, 24ರ ಹರೆಯದ ಹಾನ್ಸ್ ಕುಡ್ಲಿಖ್ ಠರಾವು ಮಂಡಿಸಿದ. ಸೆಪ್ಟೆಂಬರ್ 7ರಂದು ಅದು ಕಾನೂನಾಯಿತು. ಸಭೆಯಲ್ಲಿ ಜಗಳ ನಡೆದದ್ದು ಬಿಟ್ಟಿ ಹೋಗಬೇಕೇ ಎಂಬುದರ ಮೇಲೆ ಅಲ್ಲ, ಪರಿಹಾರ ಯಾರು ಕೊಡಬೇಕು ಎಂಬುದರ ಮೇಲೆ. ಕೊನೆಗೆ ನಿಂತ ಸೂತ್ರ ಇದು. ರೈತ ಜಮೀನ್ದಾರನಿಗೆ ವರ್ಷಕ್ಕೆ ಸಲ್ಲಿಸಬೇಕಾದದ್ದರ ಬೆಲೆ 9 ಫ್ಲೋರಿನ್ ಎಂದಿದ್ದರೆ ಅದರಲ್ಲಿ ಮೂರನೇ ಒಂದು ಪಾಲನ್ನು ಜಮೀನ್ದಾರ ಬಿಡಬೇಕು, ಉಳಿಯಿತು 6. ಅದರ ಇಪ್ಪತ್ತು ಪಟ್ಟು, ಅಂದರೆ 120 ಫ್ಲೋರಿನ್ ಪರಿಹಾರ. ಅರವತ್ತು ರೈತನಿಂದ, ಕಂತಿನ ಮೇಲೆ. ಇನ್ನರವತ್ತು ಪ್ರಾಂತ್ಯದ ನಿಧಿಯಿಂದ. ಆ ಹಣದಿಂದ ದೊಡ್ಡ ಜಮೀನ್ದಾರರು ಎತ್ತು ಕೊಂಡರು, ಕೂಲಿ ಕೊಟ್ಟರು, ಕೆಲವರು ಸಕ್ಕರೆ ಕಾರ್ಖಾನೆಗೂ ಹಾಕಿದರು. ಕ್ರಾಂತಿಯನ್ನು ಸೈನ್ಯ ತುಳಿದ ಮೇಲೆ, ಸಭೆಯನ್ನು ವಿಸರ್ಜಿಸಿದ ಮೇಲೆ, ಹೊಸ ಚಕ್ರವರ್ತಿ ಫ್ರಾಂಟ್ಸ್ ಜೋಸೆಫ್ ಉಳಿದದ್ದನ್ನು ಬಹುಮಟ್ಟಿಗೆ ವಾಪಸು ಪಡೆದ. ಬಿಟ್ಟಿಯ ಕಾನೂನನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಹಿಂತೆಗೆಯಿರಿ ಎಂದು ಒತ್ತಾಯಿಸಲು ಈ ಸಲ ಜಮೀನ್ದಾರರಿಗೆ ಕಾರಣ ಉಳಿದಿರಲಿಲ್ಲ.